ದೇವಮ್ಮ ಮೇಡಂ ಅವರ ದೊಡ್ಡ ಪುಟ

ದೇವಮ್ಮ ಮೇಡಂ ಕುರ್ಚಿಯಲ್ಲಿ ಕೂತದ್ದಕ್ಕಿಂತ ನೆಲದ ಮೇಲೆ ಕೂತದ್ದೇ ಹೆಚ್ಚು. ಅಂಚಿಗೆ ತೂತುಗಳಿದ್ದ ಉದ್ದನೆಯ ಪ್ರಿಂಟರ್ ಕಾಗದವನ್ನು ಬಾಗಿಲಿನಿಂದ ಗೋಡೆಯವರೆಗೆ ಹಾಸಿ, ಮೊಣಕಾಲೂರಿ, ಬೆರಳಿಟ್ಟು ಒಂದೊಂದೇ ಸಾಲನ್ನು ಗಟ್ಟಿಯಾಗಿ ಓದುತ್ತಿದ್ದರು. ಕಂಪ್ಯೂಟರನ್ನು ಒಳಗಿನಿಂದ ನಡೆಸುವ ಮೂಲ ಪ್ರೋಗ್ರಾಮು ಅದು, ಕರ್ನೆಲ್ ಅನ್ನುತ್ತಿದ್ದರು. ಅನುಮಾನ ಬಂದಲ್ಲಿ ಜಡೆಗೆ ಸಿಕ್ಕಿಸಿದ್ದ ಪೆನ್ಸಿಲ್ ಎಳೆದು ಸುತ್ತು ಹಾಕುವರು.

ಗುರುಗುಂಟಾದ ಕುರಿಗಾರರ ಮಗಳು. ತೊಂಬತ್ತರ ದಶಕದ ಕೊನೆಗೆ ಸಿಂಧನೂರಿನ ನಮ್ಮ ರೈತರ ನೀರಿನ ಸಂಘಕ್ಕೆ ಬಂದರು. ನಾನಲ್ಲಿ ಟೈಪಿಸ್ಟು. ಯಾವ ಹೊಲಕ್ಕೆ ಯಾವ ದಿನ ಕಾಲುವೆ ನೀರಿನ ಸರದಿ ಎಂದು ಚೀಟಿ ಕೊಡುವುದು ಸಂಘದ ಕೆಲಸ. ಇದ್ದದ್ದು ಒಂದು ಕಂಪ್ಯೂಟರು, ಅದಕ್ಕೆ ಜೋಡಿಸಿದ ಆರು ಟರ್ಮಿನಲ್ಲುಗಳು, ಅಂದರೆ ಬರೀ ಪರದೆ ಮತ್ತು ಕೀಲಿಮಣೆ. ಹೊಲಗಳ ಒಂದೇ ಪಟ್ಟಿಯನ್ನು ಆರೂ ಮೆಮೊರಿಯಲ್ಲಿ ಹಂಚಿಕೊಂಡು ಓದುತ್ತಿದ್ದವು. ಆದರೆ ರೈತರ ಸಾಲು ಬೆಳೆದಂತೆ ಯಂತ್ರ ಮಂದವಾಗುತ್ತಿತ್ತು. ತುರ್ವಿಹಾಳದಿಂದ ಬೆಳಿಗ್ಗೆ ಬಂದವರಿಗೆ ಸಂಜೆಯಾದರೂ ಚೀಟಿ ಸಿಗುತ್ತಿರಲಿಲ್ಲ.

“ಯಾಕ್ರೀ ಮೇಡಂ ಹಿಂಗ?” ಎಂದು ಒಮ್ಮೆ ಕೇಳಿದೆ.

“ಮೆಮೊರಿನ ಸಣ್ಣ ಸಣ್ಣ ಪುಟ ಮಾಡ್ಯಾರವ್ವ. ನಮ್ಮ ಪಟ್ಟಿಗೇ ಎಂಟ್ ಸಾವಿರ ಪುಟ. ಯಾವುದು ಎಲ್ಲೈತಿ ಅಂತ ಯಂತ್ರ ಹುಡುಕಿ ಹುಡುಕಿ ಸಾಯಾಕತ್ತೈತಿ. ನಮ್ಮಪ್ಪ ಅಂತಿದ್ದ, ದಾರ್ಯಾಗ ಕುರಿ ಎಣಿಸಬ್ಯಾಡ, ಹಿಂಡು ಎಣಿಸು ಅಂತ. ಎಂಟ್ ಸಾವಿರ ತಗದು ಎಂಟೇ ದೊಡ್ಡ ಪುಟ ಮಾಡ್ತೀನಿ.”

“ಹಂಗ ಮಾಡಾಕ ಬರ್ತದೇನ್ರೀ?”

“ಪ್ರೊಸೆಸರಿಗೆ ಬರ್ತದ. ಹಂಚಿಕೊಂಡ ಮೆಮೊರಿಗೆ ದೊಡ್ಡ ಪುಟ ಕೊಡೋದು ಈ ಕರ್ನೆಲ್‌ಗೆ ಗೊತ್ತಿಲ್ಲ. ನಾ ಕಲಸ್ತೀನಿ.”

ಎರಡು ತಿಂಗಳಲ್ಲಿ ಕಲಿಸಿಯೇಬಿಟ್ಟರು. ಹೊಸ ಕರ್ನೆಲ್ ಹಾಕಿ ಚೀಟಿ ಕೊಟ್ಟ ಮೊದಲ ದಿನ ಕಂಪ್ಯೂಟರು ಓಡಿದ ಓಟಕ್ಕೆ ಸಂಘದ ಕಾರ್ಯದರ್ಶಿಗಳೇ ಎಲ್ಲರಿಗೂ ಚಹಾ ತರಿಸಿದರು. ಮಧ್ಯಾಹ್ನ ನಾನು ನನ್ನ ಪ್ರೋಗ್ರಾಮು ಮುಚ್ಚಿ ಊಟಕ್ಕೆ ಎದ್ದೆ. ಆ ಕ್ಷಣವೇ ಉಳಿದ ಐದು ಪರದೆಗಳ ಮೇಲೆ ಹೊಲಗಳ ಜಾಗದಲ್ಲಿ ಅರ್ಥವಿಲ್ಲದ ಗುರುತುಗಳು ಮೂಡಿದವು.

ಕಾರ್ಯದರ್ಶಿಗಳು ನನ್ನ ಮೇಲೆ ಹರಿಹಾಯ್ದರು. “ಏನ್ ಒತ್ತಿದಿ ನೀ? ನಾಳಿಂದ ಬರಬ್ಯಾಡ!”

ದೇವಮ್ಮ ಮೇಡಂ ಎದ್ದು ಬಂದು, ಸಾಲಿನಲ್ಲಿದ್ದ ಅಷ್ಟೂ ರೈತರಿಗೆ ಕೇಳುವ ಹಾಗೆ ಹೇಳಿದರು: “ಗಲತಿ ಅಕಿದಲ್ರೀ, ನಂದು. ಅಕಿ ಊಟಕ್ಕ ಎದ್ದಾಳ, ಅಷ್ಟ. ಒಬ್ಬರು ಎದ್ದರ ಎಲ್ಲಾರ್ದೂ ಕೆಡೋ ಹಂಗ ನಾ ಬರ್ದೀನಿ.”

ಹಳೆಯ ಕರ್ನೆಲ್ ಹಾಕಿ ಕಂಪ್ಯೂಟರನ್ನು ಮತ್ತೆ ಶುರು ಮಾಡಿದರು. ಕೆಲಸ ಮತ್ತೆ ಆಮೆಯಾಯಿತು. ಮೇಡಂ ತಾವೇ ಸಾಲಿನ ಪಕ್ಕ ನಿಂತು, ದಫ್ತರದ ಹಳೆಯ ಪುಸ್ತಕ ನೋಡಿ ಕೈಯಲ್ಲಿ ಚೀಟಿ ಬರೆದರು. ಸಿಟ್ಟಿಗೆದ್ದವರ ಮಾತನ್ನೂ ನಿಂತೇ ಕೇಳಿಸಿಕೊಂಡರು.

ಮೂರು ದಿನ ಮತ್ತೆ ಕಾಗದದ ಮುಂದೆ ಕೂತರು. ಮೂರನೆಯ ದಿನ ನಕ್ಕು ನನ್ನನ್ನು ಕರೆದರು. ದೊಡ್ಡ ಪುಟವನ್ನು ಎಷ್ಟು ಮಂದಿ ಬಳಸುತ್ತಿದ್ದಾರೆಂದು ಲೆಕ್ಕ ಇಡುವ ಒಂದು ಸಾಲು ಬಿಟ್ಟುಹೋಗಿತ್ತು. ಹೀಗಾಗಿ ಒಬ್ಬರು ಎದ್ದರೆ ಎಲ್ಲರೂ ಎದ್ದರೆಂದು ತಿಳಿದು ಕರ್ನೆಲ್ ಆ ಜಾಗವನ್ನೇ ಖಾಲಿ ಮಾಡುತ್ತಿತ್ತು. ಆ ಸಾಲು ಸೇರಿಸಿ, ಆರೂ ಟರ್ಮಿನಲ್ಲುಗಳನ್ನು ಶುರು ಮಾಡಿ, ಕಾರ್ಯದರ್ಶಿಗಳನ್ನು ಎದುರಿಗೆ ನಿಲ್ಲಿಸಿಕೊಂಡು ನನಗೆ ಹೇಳಿದರು: “ಮುಚ್ಚು.”

ನಾನು ಕಾರ್ಯದರ್ಶಿಗಳ ಮುಖ ನೋಡಿದೆ.

“ಬರ್ದಾಕಿ ನಾನು, ನೀ ಯಾಕ ಅಂಜತಿ? ಮುಚ್ಚವ್ವ.”

ಮುಚ್ಚಿದೆ. ಉಳಿದ ಐದೂ ಪರದೆಗಳ ಮೇಲೆ ಹೊಲಗಳ ಪಟ್ಟಿ ಹಾಗೇ ಇತ್ತು. ಕಾರ್ಯದರ್ಶಿಗಳು ಹೋಗಿ ಬಾಗಿಲು ತೆರೆದು, ರೈತರನ್ನು ಒಳಗೆ ಕರೆದರು. ನನ್ನ ಕೆಲಸ ಉಳಿಯಿತು.

ಮರುವರ್ಷ ಮೇಡಂ ಲಿಂಗಸುಗೂರಿನಲ್ಲಿ ಪಾಠ ಹೇಳಲು ಹೋದರು. ಕೊನೆಯ ಸಲ ಸಿಕ್ಕಿದ್ದು ಮಸ್ಕಿ ಬಸ್ ನಿಲ್ದಾಣದಲ್ಲಿ. “ನಾನೂ ಕರ್ನೆಲ್ ಓದಾಕತ್ತೀನ್ರೀ ಮೇಡಂ. ಒಂದು ಕಡೆ ಸಿಕ್ಕೊಂಡೀನಿ,” ಎಂದೆ.

“ಎಲ್ಲಿ?” ಎಂದವರೇ ಚೀಲ ಕೆಳಗಿಟ್ಟು, ಕಲ್ಲುಬೆಂಚಿನ ಮೇಲೆ ಬೆರಳಿನಿಂದ ಗೀಚುತ್ತಾ ಹೇಳತೊಡಗಿದರು. ಲಿಂಗಸುಗೂರಿನ ಬಸ್ಸು ಬಂತು. “ಹೋಗ್ಲಿ ಬಿಡು,” ಎಂದರು. ಇನ್ನೊಂದು ಬಂತು, ಅದನ್ನೂ ಬಿಟ್ಟರು. ಅವರು ಹೇಳಿದ್ದನ್ನೇ ನಾನು ತಿರುಗಿ ಒಪ್ಪಿಸಿದ ಮೇಲೆಯೇ ಮೂರನೆಯ ಬಸ್ಸು ಹತ್ತಿದರು.

ಆರು ತಿಂಗಳ ಮೇಲೆ ಅವರು ತೀರಿಕೊಂಡ ಸುದ್ದಿ ಬಂತು. ಅಷ್ಟರಲ್ಲಿ ಅವರ ಕರ್ನೆಲ್‌ಗೆ ನಾನು ಎರಡು ಸಾಲು ಸೇರಿಸಿದ್ದೆ. ಅವರಿಗೆ ತೋರಿಸುವುದೊಂದು ಉಳಿದಿತ್ತು.