ಎಲ್ಲದಕ್ಕೂ ಆಗುವ ಒಂದು ಚಾಕು

ಕಳೆದ ಶನಿವಾರ ಗೊರೂರಿನ ಹಿನ್ನೀರಿನ ದಂಡೆಯಲ್ಲಿ ಡೇರೆ ಹಾಕೋಣವೆಂದು ಹೊರಟು, ಹಾಸನದ ನಮ್ಮ ಮನೆಯ ಸಜ್ಜದ ಮೇಲಿನಿಂದ ಬೆನ್ನುಚೀಲ ಇಳಿಸಿದೆ. ಜಿಪ್ ಎಳೆದ ಕೂಡಲೇ ಒಂದು ವಾಸನೆ ಬಂತು. ಮೇಲೆ ಹಳಸಿದ ಕೊಬ್ಬರಿ ಎಣ್ಣೆ, ಅದರ ಕೆಳಗೆ ಇದ್ದಿಲ ಹೊಗೆ, ಇನ್ನೂ ಕೆಳಗೆ ಮಳೆಯಲ್ಲಿ ನೆನೆದ ಕಬ್ಬಿಣದಂಥ ಏನೋ ಒಂದು. ಚೀಲದ ತಳದಲ್ಲಿ ಹಳೆಯ ಬಟ್ಟೆಯಲ್ಲಿ ಸುತ್ತಿದ್ದ ನನ್ನ ಚಾಕು ಮಲಗಿತ್ತು. ಅಲಗಿನ ಮೇಲೆ ಎಣ್ಣೆ ಅಂಟಂಟಾಗಿ ಹಳದಿಗಟ್ಟಿತ್ತು. ಒರೆಸುತ್ತಾ ಕುಳಿತವಳು ಡೇರೆಯ ಗೂಟಗಳನ್ನು ಎಣಿಸುವುದನ್ನೇ ಮರೆತೆ. ಆಮೇಲೆ ದಂಡೆಯಲ್ಲಿ ಎರಡು ಗೂಟ ಕಡಿಮೆ ಬಿದ್ದವು. ಅದಿರಲಿ.

ಒಂದು ಚಾಕನ್ನು ಆರಿಸಲು ನಾನು ಪೂರ್ತಿ ಎರಡು ತಿಂಗಳು ತೆಗೆದುಕೊಂಡೆ ಎಂದರೆ ನೀವು ನಗಬಹುದು. ನಗುವ ಮುಂಚೆ ನನ್ನ ಹಿನ್ನೆಲೆ ಸ್ವಲ್ಪ ಕೇಳಿ. ನಾನು ಕಾಲೇಜಿನ ಚರ್ಚಾಸ್ಪರ್ಧೆಯಲ್ಲಿ ಬೆಳೆದವಳು. ಯಾವ ವಿಷಯವಾದರೂ ಪರವಾಗಿ ಮೂರು ಪಾಯಿಂಟು, ವಿರೋಧವಾಗಿ ಮೂರು ಪಾಯಿಂಟು ಹೇಳಿ, ಗಂಟೆ ಬಾರಿಸುವ ಮೊದಲು ಎದುರು ತಂಡದ ಬಾಯಿ ಮುಚ್ಚಿಸುವುದನ್ನು ಕಲಿಸಿದ್ದರು. ಆ ವಿದ್ಯೆಯನ್ನು ನಾನು ಮನೆಗೂ ತಂದೆ. ಸಾರಿಗೆ ಉಪ್ಪು ಕಡಿಮೆಯಾಯಿತೇನೇ ಎಂದು ಅಮ್ಮ ಕೇಳಿದರೆ, ಕಡಿಮೆ ಎಂದರೆ ಯಾವುದಕ್ಕೆ ಹೋಲಿಸಿದರೆ ಎಂದು ಮರುಪ್ರಶ್ನೆ ಹಾಕುತ್ತಿದ್ದೆ. ಅಮ್ಮ ನನ್ನನ್ನು ಕೇಳುವುದನ್ನೇ ಬಿಟ್ಟರು. ಅದನ್ನೂ ನಾನು ಗೆಲುವೆಂದೇ ಬರೆದುಕೊಂಡಿದ್ದೆ.

ಹೀಗಿದ್ದವಳಿಗೆ ನಾಲ್ಕು ವರ್ಷದ ಹಿಂದೆ, ಗೆಳತಿ ಸೌಮ್ಯಳ ಜೊತೆ ಕಾಡು, ಹೊಳೆದಂಡೆ ಎಂದು ಅಲೆಯುವ ಹುಚ್ಚು ಹಿಡಿಯಿತು. ಅಲೆಯುವವರಿಗೆ ಒಂದು ಒಳ್ಳೆಯ ಚಾಕು ಬೇಕು. ಮಡಚುವ ಚಾಕು ಜೇಬಿನಲ್ಲಿ ಕೂರುತ್ತದೆ, ಆದರೆ ಮಡಚುವ ಕಡೆಯೇ ಬಲ ಕಡಿಮೆ. ಹಾಗಾಗಿ ಮಡಚದ ಚಾಕೇ ಆಗಬೇಕು. ಈರುಳ್ಳಿ ಹೆಚ್ಚಬೇಕು, ಹಗ್ಗ ಕತ್ತರಿಸಬೇಕು, ಗೂಟ ಚೂಪು ಮಾಡಬೇಕು, ಅಲಗಿನ ಬೆನ್ನಿನ ಮೇಲೆ ದೊಣ್ಣೆಯಿಂದ ಬಡಿದರೆ ಸೌದೆ ಸೀಳಬೇಕು. ಒಂದೇ ಚಾಕು, ಎಲ್ಲ ಕೆಲಸ. ಫೋನಿನಲ್ಲಿ ನೂರಾರು ವೀಡಿಯೊ ನೋಡಿದೆ. ಅವುಗಳಲ್ಲೆಲ್ಲ ಗಡ್ಡದ ಗಂಡಸರು ಹಿಮದ ನಡುವೆ ಕುಳಿತು, ಬೆಣ್ಣೆಯಂಥ ಮೆತ್ತನೆಯ ಮರವನ್ನು ಸೀಳುತ್ತಿದ್ದರು. ನಮ್ಮ ಕಡೆ ಸೀಳಲು ಸಿಗುವುದು ಒಣಗಿದ ಜಾಲಿ. ಈ ಪಾಯಿಂಟು ಯಾಕೋ ನನ್ನ ಪಟ್ಟಿಗೆ ಬರಲೇ ಇಲ್ಲ. ಮಿರಮಿರ ಮಿಂಚುವ ಒಂದನ್ನು ತರಿಸಿಕೊಂಡೆ. ಮೊದಲ ಸಲ ಜಾಲಿಗೆ ಇಟ್ಟು ಬಡಿದಾಗಲೇ ಅಲಗಿನ ಬಾಯಿಯಿಂದ ಉಗುರಿನಷ್ಟು ಚೂರು ಹಾರಿಹೋಯಿತು. ಸೌಮ್ಯ ನಗಲಿಲ್ಲ. ಅವಳ ಊರು ಹೊಳೆನರಸೀಪುರ ತಾಲ್ಲೂಕಿನ ಹಳ್ಳಿಮೈಸೂರು. ನಮ್ಮೂರ ಆಚಾರ್ರ ಹತ್ತಿರ ಹೋಗೋಣ ಬಾ ಎಂದಳು, ಅಷ್ಟೇ.

ನಂಜುಂಡಾಚಾರಿಯ ಕುಲುಮೆ ರಸ್ತೆಗೆ ಬೆನ್ನು ಹಾಕಿ, ಮೂರು ಕಡೆ ತಗಡು ಹೊದ್ದುಕೊಂಡು ನಿಂತಿತ್ತು. ತಿದಿಯ ಜಾಗಕ್ಕೆ ಸಣ್ಣ ಕರೆಂಟಿನ ಗಾಳಿಯಂತ್ರ ಬಂದಿತ್ತು. ಮೂಲೆಯಲ್ಲಿ ಲಾರಿಯ ಹಳೆಯ ಕಮಾನುಪಟ್ಟೆಗಳು ಬಿದ್ದಿದ್ದವು. ಆಚಾರಿಗೆ ಅರವತ್ತರ ಮೇಲೆ ವಯಸ್ಸು, ಮೈಯಲ್ಲಿ ಒಂದು ಗುಲಗಂಜಿಯಷ್ಟೂ ಕೊಬ್ಬಿಲ್ಲ. ನಾನು ಹಾಳೆ ತೆಗೆದು ಒಂಬತ್ತು ಬೇಡಿಕೆ ಓದಿದೆ. ಅವರು ಕೊನೆಯವರೆಗೂ ಕೇಳಿಸಿಕೊಂಡರು. ಆಮೇಲೆ ಒಂದು ಮರದ ಹಿಡಿಗೆ ಇದ್ದಿಲಪುಡಿ ಸವರಿ, ಅದಕ್ಕೆ ಯಾವುದೋ ಹಳೆಯ ಅಲಗು ಸಿಕ್ಕಿಸಿ, ಎದುರಿನ ಕೊರಡಿಗೆ ಹತ್ತು ಏಟು ಹೊಡೆಯಲು ಹೇಳಿದರು. ಹೊಡೆದೆ. ಅಂಗೈ ಬಿಡಿಸು ಎಂದರು. ಬಿಡಿಸಿದೆ. ಅವರು ಕನ್ನಡಕ ಹಣೆಗೇರಿಸಿ, ನನ್ನ ಕೈಯನ್ನು ಬೆಳಕಿಗೆ ಹಿಡಿದು, ಗೆರೆಗೆರೆಯಾಗಿ ನೋಡತೊಡಗಿದರು.

ನಿಮಗೇ ಗೊತ್ತಲ್ಲ, ನನ್ನಂಥವಳಿಗೆ ಅಷ್ಟು ಸಾಕು. ಹಸ್ತ ನೋಡಿ ಭವಿಷ್ಯ ಹೇಳುವುದಕ್ಕೆ ಯಾವ ಆಧಾರವೂ ಇಲ್ಲವೆಂದು ನಿಂತಲ್ಲೇ ಶುರು ಮಾಡಿದೆ. ಹುಟ್ಟುವ ಮೊದಲೇ ಮಡಿಸಿದ ಅಂಗೈಯ ಗೆರೆಗೂ ಬದುಕಿಗೂ ಏನು ಸಂಬಂಧ, ಅವಳಿಗಳ ಕೈ ನೋಡಿ ಏನು ಹೇಳುತ್ತೀರಿ ಎಂದೆಲ್ಲ ಸರಾಗವಾಗಿ ಮಾತಾಡಿದೆ. ಸೌಮ್ಯ ತಗಡಿನ ಕಡೆಗೆ ತಿರುಗಿ ನಿಂತಳು.

"ಭವಿಷ್ಯ ನಂಗೊತ್ತಿಲ್ಲ ಕಣವ್ವ," ಎಂದರು ಆಚಾರಿ. "ಮಸಿ ಎಲ್ಲಿ ಅಂಟ್ಕಂಡದೆ, ಎಲ್ಲಿ ಉಜ್ಜೋಗ್ಯದೆ ನೋಡ್ತಿವ್ನಿ. ಉಜ್ಜೋದ ಕಡೆ ನಿನ್ ಭಾರ ಬೀಳ್ತದೆ. ಹಿಡಿ ಅಲ್ಲಿ ದಪ್ಪ ಇರ್ಬೇಕು."

ಅವರ ಪದ್ಧತಿ ಅದು. ಕುಡುಗೋಲಾಗಲಿ ಕೊಡಲಿಯಾಗಲಿ, ಹಿಡಿಯುವವರೇ ಬಂದು ಮಸಿ ಹಿಡಿಯನ್ನು ಬೀಸಬೇಕು. ಗಂಡನಿಗೆಂದು ಹೆಂಡತಿ ಬಂದರೆ, ಅವನನ್ನೇ ಕಳಿಸವ್ವ ಎಂದು ವಾಪಸು ಅಟ್ಟುತ್ತಿದ್ದರಂತೆ. ಮರವನ್ನು ಆ ಗುರುತಿನ ಮೇಲೆಯೇ ಕೆತ್ತುತ್ತಿದ್ದರು. ನಾನು ಆ ದಿನ ಕ್ಷಮೆ ಕೇಳಲಿಲ್ಲ. ಒಳ್ಳೆಯ ಪದ್ಧತಿ ಎಂದಷ್ಟೇ ಹೇಳಿದೆ, ತೀರ್ಪುಗಾರರಂತೆ.

ಅಷ್ಟರಲ್ಲಿ ಜಯಮ್ಮ ಬಂದರು. ಅವರ ತವರು ಅಲ್ಲೇ ಪಕ್ಕದ ಹಳ್ಳಿ. ಕೊಟ್ಟಿದ್ದು ಚನ್ನರಾಯಪಟ್ಟಣ ತಾಲ್ಲೂಕಿನ ಹಿರೀಸಾವೆಗೆ, ಹೆದ್ದಾರಿಯ ಪಕ್ಕ ಎಳನೀರು ಮಾರುತ್ತಾರೆ. ಇಪ್ಪತ್ತು ವರ್ಷ ಅವರು ಹಿಡಿದ ಮಚ್ಚೂ ಈ ಕುಲುಮೆಯದೇ. ನಾಲ್ಕು ತಿಂಗಳ ಹಿಂದೆ ಬಸ್ಸಿನಿಂದ ಇಳಿಯುವಾಗ ಬಿದ್ದು ಬಲಗೈಯ ಮಣಿಕಟ್ಟು ಮುರಿದಿತ್ತು. ಬ್ಯಾಂಡೇಜು ಬಿಚ್ಚಿದ ಮೇಲೆ ನೋಡಿದರೆ ಹೆಬ್ಬೆರಳು, ತೋರುಬೆರಳು ಮಡಚುತ್ತಲೇ ಇರಲಿಲ್ಲ. ಅಷ್ಟು ದಿನವೂ ನಾದಿನಿಯ ಗಂಡ ಅಂಗಡಿ ನೋಡಿಕೊಂಡಿದ್ದ. ಈಗ ಅವನು ಹೊಸ ಮಾತು ತೆಗೆದಿದ್ದ. ಇನ್ನು ಮೇಲೆ ಕೆತ್ತುವುದು ನಾನು, ಅಕ್ಕ ಬದಿಗೆ ಕುಳಿತು ಸ್ಟ್ರಾ ಕೊಟ್ಟರೆ ಸಾಕು ಎಂದು. ಬರುವ ಸೋಮವಾರದಿಂದ ಹಾಗೆಯೇ ಎಂದು ಮನೆಯವರೂ ಒಪ್ಪಿಬಿಟ್ಟಿದ್ದರು.

"ಸ್ಟ್ರಾ ಕೊಡಕ್ಕೆ ನಾನ್ಯಾಕಣ್ಣ ಬೇಕು?" ಎಂದರು ಜಯಮ್ಮ. "ಒಂದ್ ಡಬ್ಬ ಇಟ್ರೆ ಅವ್ರೇ ತಗೋತಾರೆ. ಕಾಯಿ ಕೆತ್ತೋರ್ದು ಕಣಣ್ಣ ಅಂಗ್ಡಿ."

ಹಳೆಯ ಮಚ್ಚು ಅವರ ಕೈಯಲ್ಲಿ ನಿಲ್ಲುತ್ತಿರಲಿಲ್ಲ. ಬೇರೆಯದು ಮಾಡಿಕೊಡಿ, ಸೋಮವಾರ ನಾನೇ ಕೆತ್ತಬೇಕು ಎಂದು ಕೇಳಲು ಎರಡು ಬಸ್ಸು ಬದಲಿಸಿ ಬಂದಿದ್ದರು.

ಇಲ್ಲಿ ನಾನು ಸುಮ್ಮನಿರಬಹುದಿತ್ತು. ಇರಲಿಲ್ಲ. ಎರಡು ತಿಂಗಳ ಓದು ತಲೆಯಲ್ಲಿ ಬಿಸಿಯಾಗಿತ್ತು. ಆಚಾರಿ ಅಲಗಿಗೆ ಸಣ್ಣದೊಂದು ಬಾಲ ತೆಗೆದು, ಅದನ್ನು ಕಾಯಿಸಿ ಮರದೊಳಗೆ ಇಳಿಸುತ್ತಿದ್ದರು. ನಮ್ಮ ಕಡೆಯ ಕತ್ತಿ, ಮಚ್ಚು ಹೆಚ್ಚಾಗಿ ಹಾಗೆಯೇ. ವೀಡಿಯೊದವರು ಹೇಳುವುದೇ ಬೇರೆ. ಅಲಗಿನ ಕಬ್ಬಿಣ ಹಿಡಿಯ ತುದಿಯವರೆಗೂ ಒಂದೇ ತುಂಡಾಗಿ ಹೋಗಿರಬೇಕು, ಮರವನ್ನು ಎರಡು ಕಡೆಯಿಂದ ಇಟ್ಟು ಮೊಳೆ ಬಡಿದಿರಬೇಕು. ಅದಕ್ಕೆ ಫುಲ್ ಟ್ಯಾಂಗ್ ಎನ್ನುತ್ತಾರೆ. ನಾನು ವಾದ ಹೂಡಿದೆ. ಒಂದು, ಬಾಲ ಸಡಿಲವಾಗುತ್ತದೆ, ಇಡೀ ಕಬ್ಬಿಣ ಆಗುವುದಿಲ್ಲ. ಎರಡು, ಬಲವಿಲ್ಲದ ಕೈಗೆ ದಪ್ಪ ಹಿಡಿ ಬೇಕು. ಮೂರು, ಇಷ್ಟು ವರ್ಷ ಹೀಗೇ ಮಾಡಿದೆವು ಎನ್ನುವುದು ಸರಿ ಎನ್ನುವುದಕ್ಕೆ ಸಾಕ್ಷಿಯಲ್ಲ. ಈ ಮೂರನೆಯದನ್ನು ಹೇಳಿ ಜಯಮ್ಮನ ಕಡೆ ತಿರುಗಿದೆ. ಅವರ ಕಣ್ಣಲ್ಲಿ ನಂಬಿಕೆ ಬಂದಿತ್ತು. ಓದಿದ ಹುಡುಗಿ ಹೇಳುತ್ತಿದ್ದಾಳಲ್ಲ. "ಅಂಗೇ ಮಾಡಣ್ಣ," ಎಂದರು.

ಆಚಾರಿ ಗಡ್ಡ ಕೆರೆದುಕೊಂಡರು. ಎಳನೀರಿನ ಕಾಯಿ ಕೆತ್ತುವುದಕ್ಕೆ ಭಾರ ಮುಂದಿರಬೇಕು, ಹಿಂದೆ ಬಂದರೆ ಕೈಗೆ ಹೊಡೆಯುತ್ತದೆ ಎಂದು ಒಂದೇ ಒಂದು ಮಾತು ಹೇಳಿದರು. ಅದಕ್ಕೆ ನಾನು ಉತ್ತರ ಕೊಟ್ಟೆ. ಏನು ಉತ್ತರವೆಂದು ಈಗ ನೆನಪಿಲ್ಲ, ಚೆನ್ನಾಗಿತ್ತು ಎಂಬುದು ಮಾತ್ರ ನೆನಪಿದೆ. ಮಾಡಿಯೇ ನೋಡಣ, ಗುರುವಾರ ಬನ್ನಿ ಎಂದರು.

ಗುರುವಾರ ಹಾಸನದಿಂದ ಬೆಳಗಿನ ಬಸ್ಸು ಹಿಡಿದು ನಾನೂ ಹೋದೆ. ನನ್ನ ಗೆಲುವನ್ನು ನೋಡಬೇಕಿತ್ತಲ್ಲ. ಮಚ್ಚು ನಾನು ಹೇಳಿದಂತೆಯೇ ಆಗಿತ್ತು. ಅರೆಮನಸ್ಸಿನಿಂದ ಮಾಡಿದ ಗುರುತು ಎಲ್ಲೂ ಇರಲಿಲ್ಲ; ತಮಗೆ ಒಪ್ಪದ ಕೆಲಸವನ್ನೂ ಅವರು ತಮ್ಮದೆಂಬಂತೆಯೇ ಮಾಡಿದ್ದರು. ಹಿಡಿಗೆ ಮಸಿ ಸವರಿ ನೆಲದ ಮೇಲಿಟ್ಟರು. ಜಯಮ್ಮ ಎತ್ತಿಕೊಂಡು ಮೊದಲ ಕಾಯಿಗೆ ಬೀಸಿದರು. ಸಿಪ್ಪೆ ಹಾರಿತು. ನಾನು ಸೌಮ್ಯಳ ಕಡೆ ಹುಬ್ಬೇರಿಸಿದೆ. ಎರಡನೆಯ ಏಟಿಗೆ ಕಬ್ಬಿಣ ಟಣ್ ಎಂದಿತು. ಆ ಅದುರು ಹಿಡಿಯುದ್ದಕ್ಕೂ ಓಡಿ ಅವರ ಮುರಿದ ಮಣಿಕಟ್ಟಿಗೆ ಬಡಿಯಿತು. ಕೈ ತಾನಾಗಿ ಬಿಚ್ಚಿಕೊಂಡಿತು. ಮಚ್ಚು ಅವರ ಕಾಲಿನ ಹೆಬ್ಬೆರಳಿನಿಂದ ಒಂದು ಬೆರಳ ದೂರದಲ್ಲಿ ನೆಲಕ್ಕೆ ನಾಟಿ ನಿಂತಿತು.

ಜಯಮ್ಮ ಬಲಗೈಯನ್ನು ಎಡಗೈಯಲ್ಲಿ ಒತ್ತಿಕೊಂಡು ಕಲ್ಲಿನ ಮೇಲೆ ಕುಳಿತರು.

"ಬುಡಣ್ಣ. ಸ್ಟ್ರಾನೇ ಕೊಡ್ತೀನಿ."

ನಾನು ಹೇಳಿದ್ದೆನಲ್ಲ ಎಂದು ಆಚಾರಿ ಬೈದಿದ್ದರೆ ಹಗುರಾಗುತ್ತಿತ್ತು. ಅವರು ನನ್ನ ಕಡೆ ನೋಡಲಿಲ್ಲ ಕೂಡ. ಸೀದಾ ಜಯಮ್ಮನ ಎದುರು ಕುಕ್ಕರುಗಾಲಲ್ಲಿ ಕುಳಿತು, ಬಲಗೈಯನ್ನು ಮೆಲ್ಲನೆ ಬಿಡಿಸಿ ಬೆಳಕಿಗೆ ಹಿಡಿದರು. ಆಮೇಲೆ ನನ್ನನ್ನು ಕರೆದರು.

"ಬಾರವ್ವ ಇಲ್ಲಿ. ನೀನು ಓದಿರೋಳು. ಇದನ್ನೋದು."

ಓದಿದೆ. ಹೆಬ್ಬೆರಳಿನ ಬುಡದಲ್ಲಿ ಮಸಿ ಅಂಟಿದ್ದು ಅಂಟಿದಂತೆಯೇ ಇತ್ತು. ಕಿರುಬೆರಳು, ಉಂಗುರದ ಬೆರಳುಗಳ ಬುಡದಲ್ಲಿ ಮಾತ್ರ ಮಸಿ ಪೂರ್ತಿ ಉಜ್ಜಿಹೋಗಿ ಚರ್ಮ ಕೆಂಪಗಾಗಿತ್ತು. ಆ ಹೆಂಗಸು ಎರಡೇ ಬೆರಳಲ್ಲಿ ಮಚ್ಚು ಹಿಡಿಯುತ್ತಿದ್ದರು. ದಪ್ಪ ಹಿಡಿಯನ್ನು ಎರಡು ಬೆರಳು ಸುತ್ತುವುದಾದರೂ ಹೇಗೆ? ನನ್ನ ಎರಡನೆಯ ಪಾಯಿಂಟು ಅಲ್ಲೇ ಸತ್ತು ಬಿದ್ದಿತ್ತು. ಗಟ್ಟಿಯಾಗಿಯೇ ಹೇಳಿದೆ. ಹಿಡಿತವೆಲ್ಲ ಹಿಂದಿನೆರಡು ಬೆರಳಲ್ಲಿದೆ, ನಾನು ಹೇಳಿದ್ದು ತಪ್ಪು ಎಂದೆ. ಚರ್ಚಾಸ್ಪರ್ಧೆಯಲ್ಲಿ ಈ ವಾಕ್ಯಕ್ಕೆ ಅಂಕವಿಲ್ಲ, ಹಾಗಾಗಿ ನಾಲಿಗೆಗೆ ಅಭ್ಯಾಸವೂ ಇರಲಿಲ್ಲ.

ತಪ್ಪಿನ ಮಾತನ್ನು ಆಚಾರಿ ಕಿವಿಗೇ ಹಾಕಿಕೊಳ್ಳಲಿಲ್ಲ. ನಿನ್ನ ಫೋನಿನವರು ಹಿಂದಿನ ಬೆರಳಿಗೆ ಏನಾದರೂ ಹೇಳುತ್ತಾರೇನವ್ವ ಎಂದು ಕೇಳಿದರು. ನಿಜವಾಗಿಯೂ ಕೇಳಿದರು, ಕುಹಕವಿರಲಿಲ್ಲ. ನನಗೆ ನೆನಪಾಯಿತು. ಕೆಲವು ಚಾಕುಗಳ ಹಿಡಿ ಕೊನೆಯಲ್ಲಿ ಗಿಣಿಯ ಕೊಕ್ಕಿನಂತೆ ಕೆಳಕ್ಕೆ ಬಾಗಿರುತ್ತದೆ, ಬೀಸಿದಾಗ ಕಿರುಬೆರಳು ಅದಕ್ಕೆ ಸಿಕ್ಕಿಕೊಂಡು ಜಾರುವುದಿಲ್ಲ. ಇದ್ದಿಲಿನಲ್ಲಿ ನೆಲದ ಮೇಲೆ ಬರೆದು ತೋರಿಸಿದೆ. ಆಚಾರಿ ಆ ಚಿತ್ರವನ್ನೇ ನೋಡಿದರು.

"ಇದಾಯ್ತದೆ," ಎಂದರು. "ಇದನ್ನ ಮೊದ್ಲೇ ಯೋಳೋದಲ್ವ."

ಆಮೇಲಿನ ಎರಡು ಗಂಟೆಯನ್ನು ನಾನು ಎಷ್ಟು ಸಲ ನೆನೆದಿದ್ದೇನೋ. ಎರಡು ಕಡೆಯ ಮರ ಕಿತ್ತರು. ನನ್ನ ಹೆಮ್ಮೆಯ ಉದ್ದ ಕಬ್ಬಿಣವನ್ನು ಕಾಯಿಸಿ, ಉಳಿಯಿಟ್ಟು ಕಡಿದು, ಸಣ್ಣ ಬಾಲ ಎಳೆದರು. ಭಾರವೆಲ್ಲ ಅಲಗಿಗೆ ಸರಿಯಿತು. ಹಗುರವಾದ ಮರವೊಂದನ್ನು ಆರಿಸಿ, ಹಿಂದಿನೆರಡು ಬೆರಳು ಕೂರುವ ಕಡೆ ತೆಳ್ಳಗೆ ಕೆತ್ತಿ, ಕೊನೆಯಲ್ಲಿ ಕೊಕ್ಕು ಬಿಟ್ಟರು. ಹೆಬ್ಬೆರಳು ಸುಮ್ಮನೆ ಒರಗಿಕೊಳ್ಳಲು ಮೇಲೆ ಒಂದು ಚಪ್ಪಟೆ ಜಾಗ. ಅದು ನನ್ನ ಸಲಹೆಯಲ್ಲ, ವೀಡಿಯೊದಲ್ಲೂ ಇರಲಿಲ್ಲ. ಏಳು ಸಲ ಜಯಮ್ಮನ ಕೈಗೆ ಕೊಟ್ಟು, ಏಳು ಸಲ ಮಸಿ ನೋಡಿ, ಒಂದೊಂದು ಸಿಬರಿನಷ್ಟು ತೆಗೆದರು. ನಾನು ಗಾಳಿಯಂತ್ರದ ಗುಂಡಿ ಒತ್ತುವ, ಆರಿಸುವ ಕೆಲಸ ಮಾಡಿದೆ. ನಾನು ಅಲ್ಲಿಯವರೆಗೆ ಎಂಥೆಂಥ ಒಳ್ಳೆಯ ವಾಗ್ಮಿಗಳನ್ನು ಕೇಳಿದ್ದೆ. ತನ್ನ ಮಾತು ನಿಜವಾಯಿತೆಂದು ಒಂದು ಸಲವೂ ನೆನಪಿಸದೆ, ಸೋತವರ ಮಾತಿನಿಂದಲೂ ಬೇಕಾದ್ದನ್ನು ಎತ್ತಿಕೊಂಡು ಕೆಲಸ ಮುಂದುವರಿಸಿದ ಒಬ್ಬರನ್ನೂ ಕಂಡಿರಲಿಲ್ಲ.

ಜಯಮ್ಮ ಆರು ಕಾಯಿ ಕೆತ್ತಿದರು. ಮೊದಲೆರಡು ಅಂಕುಡೊಂಕು. ಮೂರನೆಯದಕ್ಕೆ ಲಯ ಬಂತು. ಆರನೆಯದನ್ನು ನಾಲ್ಕೇ ಏಟಿಗೆ ತೆರೆದು, ಒಂದು ಹನಿಯೂ ಚೆಲ್ಲದೆ ಆಚಾರಿಗೆ ಕೊಟ್ಟರು. ಆಮೇಲೆ ಸೆರಗಿನಲ್ಲಿ ಮುಖ ಒರೆಸಿಕೊಂಡರು. ಬೆವರಿರಬೇಕು ಎಂದು ನಾವೆಲ್ಲ ಬೇರೆ ಕಡೆ ನೋಡಿದೆವು.

ನನ್ನ ಚಾಕು ಮುಂದಿನ ವಾರ ಆಯಿತು. ಅಂಗೈಯ ಅಗಲಕ್ಕಿಂತ ಸ್ವಲ್ಪ ಉದ್ದದ ಅಲಗು, ದೊಣ್ಣೆಯ ಏಟು ತಡೆಯುವ ನೇರ ಬೆನ್ನು, ಹೊಳೆಯ ಕಲ್ಲಿಗೆ ಉಜ್ಜಿದರೂ ಹರಿತವಾಗುವ ಉಕ್ಕು. ಎಣ್ಣೆ ಹಚ್ಚದಿದ್ದರೆ ತುಕ್ಕು ಹಿಡಿಯುತ್ತದೆ, ಅದೊಂದೇ ಕೊರತೆ. ಇದಕ್ಕೆ ಮಾತ್ರ ಕಬ್ಬಿಣವನ್ನು ಹಿಡಿಯ ತುದಿಯವರೆಗೂ ಬಿಟ್ಟಿದ್ದರು. ಸೌದೆಯ ಮೇಲಿಟ್ಟು ಬಡಿಯುವವಳಿಗೆ ಅದೇ ಸರಿ ಎಂದರು. ಹೊಸ ಚಾಕು ಕೊಳ್ಳುವವರು ಈಗ ನನ್ನನ್ನು ಸಲಹೆ ಕೇಳುತ್ತಾರೆ. ಯಾವ ಉಕ್ಕು ಎಂದು ಹೇಳುವ ಮೊದಲು, ಏನು ಕತ್ತರಿಸುತ್ತೀರಿ, ಕೈ ತೋರಿಸಿ ಎನ್ನುತ್ತೇನೆ. ಕೆಲವರಿಗೆ ನಾನು ಜ್ಯೋತಿಷ್ಯಕ್ಕೆ ಇಳಿದೆನೆಂಬ ಅನುಮಾನ ಬಂದಿದೆ.

ಗೊರೂರಿನಿಂದ ಬಂದ ಮರುದಿನ, ಬೇರೆ ಏನೂ ಕೆಲಸವಿಲ್ಲದೆ, ಹಿರೀಸಾವೆಗೆ ಬಸ್ಸು ಹತ್ತಿದೆ. ಮಧ್ಯಾಹ್ನದ ಬಿಸಿಲು. ಹೊಂಗೆಮರದ ಕೆಳಗೆ ಜಯಮ್ಮನ ಎದುರು ನಾಲ್ಕು ಜನ ನಿಂತಿದ್ದರು. ಅವರ ಮಚ್ಚಿನ ಹಿಡಿ ಕಪ್ಪಗೆ ನುಣುಪಾಗಿತ್ತು. ನನ್ನನ್ನು ಕಂಡು ನಕ್ಕು, ಏನವ್ವ ಸಣ್ಣಗಾಗಿದ್ದೀಯ ಎಂದರು. ನಾನೊಂದು ಕಾಯಿ ಕೆತ್ತಲೇ ಎಂದು ಕೇಳಿದೆ. ಅವರು ಮಚ್ಚನ್ನು ಹಲಗೆಯ ಮೇಲಿಟ್ಟರು.

ಎತ್ತಿಕೊಂಡೆ. ಕೊಕ್ಕು ಅಂಗೈಗೆ ಚುಚ್ಚಿತು. ಹೆಬ್ಬೆರಳಿಗೆ ಜಾಗವೇ ಸಿಗಲಿಲ್ಲ. ಅಲಗು ನಾನು ನೋಡಿದ ಕಡೆ ಬಿಟ್ಟು ಬೇರೆ ಕಡೆ ಹೋಗುತ್ತಿತ್ತು. ನಾಲ್ಕು ಏಟಿಗೆ ಸಿಪ್ಪೆಯ ಎರಡು ಚೂರು ಎದ್ದವು.

"ಅವ್ರ ಕೈಗ್ಯಾಕ್ ಕೊಟ್ಟೆ ಜಯಮ್ಮ, ನಮ್ಗೆ ಬಸ್ಸದೆ," ಎಂದ ನಿಂತಿದ್ದವರಲ್ಲೊಬ್ಬ.

"ಅದು ನಿನ್ ಕೈದಲ್ಲ ಕಣವ್ವ, ತತ್ತಾ," ಎಂದು ಜಯಮ್ಮ ಮಚ್ಚು ತೆಗೆದುಕೊಂಡು, ಅದೇ ಕಾಯಿಯನ್ನು ತಿರುಗಿಸಿ, ಮೂರು ಏಟಿಗೆ ತೆರೆದರು.

ತಪ್ಪು ಮಚ್ಚಿನದು, ನನ್ನದಲ್ಲ ಎನ್ನುವುದಕ್ಕೆ ಮೂರು ಪಾಯಿಂಟು ಆಗಲೇ ನಾಲಿಗೆಯ ತುದಿಗೆ ಬಂದಿದ್ದವು. ಕಾಯಿಯನ್ನು ಎರಡೂ ಕೈಯಲ್ಲಿ ಹಿಡಿದು, ಬಸ್ಸಿಗೆ ಹೋಗುವವರಿಗೆ ದಾರಿ ಬಿಟ್ಟು, ಮರದ ಬುಡದಲ್ಲಿ ಕುಳಿತು ಕುಡಿದೆ.