ತೃಪ್ತಿಯ ಬಲಗೈ

ಗದಗಿನಲ್ಲಿ ಬೆಳೆದ ತೃಪ್ತಿ ಹತ್ತಿರದಿಂದ ಕಂಡಿದ್ದ ಬಂದೂಕು ಒಂದೇ, ಬ್ಯಾಂಕಿನ ಬಾಗಿಲಲ್ಲಿ ತೂಕಡಿಸುತ್ತಿದ್ದ ಕಾವಲುಗಾರನದು. ಮೂವತ್ತೊಂಬತ್ತನೇ ವಯಸ್ಸಿಗೆ, ಕೆನಡಾದ ವಿಟ್ಬಿಯಲ್ಲಿ, ಅವಳ ಸೊಂಟಕ್ಕೇ ಪಿಸ್ತೂಲು ಬಂತು. ಗೋದಾಮಿನಲ್ಲಿ ಪೆಟ್ಟಿಗೆ ಎತ್ತಿ ಎತ್ತಿ ಬೆನ್ನು ಸೋತಿದ್ದರಿಂದ, ಬ್ಯಾಂಕುಗಳಿಗೆ ನಗದು ಸಾಗಿಸುವ ಉಕ್ಕಿನ ವ್ಯಾನಿನ ಕಾವಲು ಕೆಲಸ ಹಿಡಿದಿದ್ದಳು. ಗಂಡ ಈರೇಶ ಬೇಡವೆಂದರೂ ಕೇಳಲಿಲ್ಲ.

ಮೊದಲ ದಿನ ಗುಂಡು ಹಾರುವ ಮುಂಚೆಯೇ ಅವಳ ಕಣ್ಣು ಮುಚ್ಚಿಕೊಳ್ಳುತ್ತಿತ್ತು. ಐವತ್ತರಲ್ಲಿ ಹನ್ನೊಂದು ಗುಂಡು ಮಾತ್ರ ಕಾಗದಕ್ಕೆ ತಾಗಿದವು. ತರಬೇತಿ ಕೊಡುತ್ತಿದ್ದ ಲೋರೆನ್ ಎಂಬ ಬಿಳಿಗೂದಲ ಹೆಂಗಸು ಬೈಯಲಿಲ್ಲ. ನಿಜವಾದ ಗುಂಡುಗಳ ನಡುವೆ ಗೊತ್ತಾಗದಂತೆ ಸಿಡಿಯದ ಒಂದು ಹುಸಿ ಗುಂಡು ಸೇರಿಸಿಟ್ಟಳು. ಟ್ರಿಗರ್ ಎಳೆದಾಗ ಸದ್ದೇ ಬರಲಿಲ್ಲ. ಆದರೂ ಪಿಸ್ತೂಲಿನ ಮೂತಿ ನೆಲದತ್ತ ಕುಸಿಯಿತು. ಅದನ್ನು ಕುಸಿಯುವಂತೆ ಮಾಡಿದ್ದು ತನ್ನ ಅಂಜಿಕೆಯೇ ಎಂದು ತೃಪ್ತಿ ಕಣ್ಣಾರೆ ಕಂಡಳು.

ಅಂದಿನಿಂದ ಶಿಫ್ಟಿಗೆ ಮೊದಲು ಡಿಪೋದಲ್ಲಿ ಹತ್ತು ನಿಮಿಷ ಅಭ್ಯಾಸ. ಗುಂಡು ತೆಗೆದು, ಖಾಲಿಯಾಗಿದೆಯೆಂದು ಎರಡು ಸಲ ನೋಡಿ, ಪಿಸ್ತೂಲಿನ ಮೇಲೊಂದು ನಾಣ್ಯ ಇಟ್ಟು, ಅದು ಬೀಳದಂತೆ ಟ್ರಿಗರ್ ಒತ್ತುವುದು. ಆಮೇಲೆ ಪಕ್ಕಕ್ಕೊಂದು ಹೆಜ್ಜೆ, ಎಡಗೈ ಮುಂದೆ, ಬಲಗೈ ಪಿಸ್ತೂಲಿನ ಹಿಡಿಯ ಮೇಲೆ, ನಿಲ್ಲು ಎಂದು ಇಂಗ್ಲಿಷಿನಲ್ಲಿ ದೊಡ್ಡ ದನಿ. ಎರಡು ವರ್ಷ ಹೀಗೇ ನಡೆಯಿತು. ನಿಜವಾದ ಗುಂಡು ಹಾರಿಸುತ್ತಿದ್ದುದು ವರ್ಷಕ್ಕೆ ಮೂರ್ನಾಲ್ಕು ಸಲ, ಅದೂ ಕಾಗದಕ್ಕೆ.

ಕಳೆದ ಫೆಬ್ರವರಿಯಲ್ಲಿ, ಥಾರ್ನ್‌ಹಿಲ್‌ನ ಒಂದು ಪ್ಲಾಜಾದಲ್ಲಿ, ಮಧ್ಯಾಹ್ನ ಅಂಗಡಿಯಿಂದ ಹಣದ ಚೀಲ ಹಿಡಿದು ವ್ಯಾನಿನತ್ತ ಬರುತ್ತಿದ್ದಳು. ಎರಡು ಕಾರುಗಳ ನಡುವಿನಿಂದ ಮುಖಕ್ಕೆ ಬಟ್ಟೆ ಕಟ್ಟಿದವನೊಬ್ಬ ಕಬ್ಬಿಣದ ಸಲಾಕೆ ಎತ್ತಿಕೊಂಡು ನುಗ್ಗಿದ. ತೃಪ್ತಿ ಏನನ್ನೂ ಯೋಚಿಸಲಿಲ್ಲ. ಚೀಲ ಕೆಳಗೆ ಬಿತ್ತು, ಕಾಲು ಪಕ್ಕಕ್ಕೆ ಸರಿಯಿತು, ಪಿಸ್ತೂಲು ಹೊರಗೆ ಬಂತು.

"ನಿಲ್ಲ್ ಅಲ್ಲೇ!" ಎಂದು ಕೂಗಿದ್ದು ಕನ್ನಡದಲ್ಲಿ ಎಂಬುದು ಆಮೇಲೆ ತಿಳಿಯಿತು.

ಅವನು ನಿಂತ. ನಾಲ್ಕು ಮಾರು ದೂರ. ಅವನ ಜಾಕೆಟ್ಟಿನ ಜಿಪ್ಪು ಅರ್ಧಕ್ಕೆ ಇಳಿದಿತ್ತು, ಒಳಗೆ ಬೂದು ಬಣ್ಣದ ಅಂಗಿ. ಆ ಅಂಗಿಯ ಮೇಲೆ ಅವಳ ದೃಷ್ಟಿ ನೆಟ್ಟಿತ್ತು. ಈ ಸಲ ಕಣ್ಣು ಮುಚ್ಚಲಿಲ್ಲ. ಬೆರಳು ಟ್ರಿಗರಿನ ಹೊರಗೆ ನೇರವಾಗಿಯೇ ಇತ್ತು. ಅವನು ಸಲಾಕೆ ಬಿಸಾಕಿ, ಐಸಿನ ಮೇಲೆ ಜಾರಿ ಬಿದ್ದು, ಎದ್ದು ಓಡಿದ. ಪೊಲೀಸರು ಬರುವ ತನಕ ತೃಪ್ತಿ ವ್ಯಾನಿಗೆ ಒರಗಿ ನಿಂತಿದ್ದಳು. ಪಿಸ್ತೂಲು ಇನ್ನೂ ಕೈಯಲ್ಲೇ ಇತ್ತು.

ಮನೆಯಲ್ಲಿ ಈರೇಶ ಅವಳ ಪಕ್ಕ ಕೂತು, ಇನ್ನು ಈ ಕೆಲಸ ಸಾಕು, ಬಿಟ್ಟುಬಿಡು ಎಂದ. ಅಂಥವರು ಮತ್ತೆ ಬಂದಾರು ಎಂಬುದು ಅವನ ಭಯ.

"ಅಂವಂದು ಅಂಜಿಕಿಲ್ಲ್ರಿ ನನಗ," ಎಂದಳು ತೃಪ್ತಿ. "ನನ್ನ ಕೈದು ಅಂಜಿಕಿ ಬರಾಕತ್ತೈತಿ. ಪಿಸ್ತೂಲು ತೆಗಿಯಾಕ ಅದು ನನ್ನ ಕೇಳಲೇ ಇಲ್ಲ."

ಮರುವಾರ ಇದನ್ನೇ ಲೋರೆನ್‌ಗೆ ಹೇಳಿದಳು. ಲೋರೆನ್ ಸಮಾಧಾನದ ಮಾತಾಡಲಿಲ್ಲ. ಪಿಸ್ತೂಲು ಖಾಲಿ ಮಾಡಿಸಿದಳು. ಹೊರಗೆ ತೆಗೆ, ನೋಡು, ಹಾರಿಸಬೇಡ, ನಿಧಾನವಾಗಿ ಸೊಂಟದ ಒರೆಯೊಳಗಿಡು ಎಂದಳು. ತೆಗೆಯುವುದನ್ನು ನಾನು ಚೆನ್ನಾಗಿ ಕಲಿಸಿದೆ, ಇಡುವುದನ್ನು ಸಾಲುವಷ್ಟು ಕಲಿಸಲಿಲ್ಲ ಎಂದು ಒಪ್ಪಿಕೊಂಡಳು. ಅಂದು ಇಬ್ಬರೂ ನಲವತ್ತು ಸಲ ಮಾಡಿದರು. ತೆಗೆಯುವಾಗ ನಡುಗದ ತೃಪ್ತಿಯ ಕೈ ಒಳಗಿಡುವಾಗ ಪ್ರತಿ ಸಲವೂ ನಡುಗಿತು.

ತೃಪ್ತಿ ಕೆಲಸ ಬಿಟ್ಟಿಲ್ಲ. ಈಗ ವ್ಯಾನಿನಿಂದ ಇಳಿಯುವ ಮೊದಲು ಒಂದು ಗಳಿಗೆ ಬಲಗೈಯನ್ನು ತೊಡೆಯ ಮೇಲಿಟ್ಟು ನೋಡುತ್ತಾಳೆ, ಆಮೇಲೆ ಬಾಗಿಲು ತೆಗೆಯುತ್ತಾಳೆ.