ಆರನೆಯ ಹಾಡು

ನನ್ನ ತಮ್ಮನಿಗೆ ದಾಕ್ಷಿಣ್ಯವೆಂಬುದಿಲ್ಲ. ಹುಟ್ಟುವಾಗಲೂ ಇರಲಿಲ್ಲ, ಅರವತ್ತಾರು ವರ್ಷ ಬದುಕಿಯೂ ಅದನ್ನು ಎಲ್ಲಿಂದಲೂ ಸಂಪಾದಿಸಿಕೊಳ್ಳಲಿಲ್ಲ. ಅವನಿಗಿಂತ ಆರು ವರ್ಷ ದೊಡ್ಡವಳಾಗಿ, ಅವನ ಮೂಗು ಒರೆಸಿ ಶಾಲೆಗೆ ಕರೆದೊಯ್ದವಳಾಗಿ ಈ ಮಾತು ಹೇಳುವ ಅಧಿಕಾರ ನನಗಿದೆ. ಕೆಟ್ಟವನಲ್ಲ. ಕುಡಿಯುವುದಿಲ್ಲ, ಯಾರ ಸುದ್ದಿಗೂ ಹೋಗುವುದಿಲ್ಲ, ಸುಳ್ಳು ಹೇಳುವುದಿಲ್ಲ. ಸುಳ್ಳು ಹೇಳದಿರುವುದೇ ಅವನ ದೊಡ್ಡ ರೋಗ. ನಮ್ಮ ಸೋದರತ್ತೆ ಆಸ್ಪತ್ರೆಯಲ್ಲಿ ಮಲಗಿ, "ಮತ್ತೆ ಮನೆಗೆ ಹೋಗ್ತೀನಾ ಮಗಾ?" ಎಂದು ಕೇಳಿದಾಗ, "ಡೌಟು ಅತ್ತೆ" ಎಂದವನು ಇವನು.

ಮೂವತ್ತೈದು ವರ್ಷ ಲಿಫ್ಟ್ ರಿಪೇರಿ ಮಾಡಿದ. ವಾರವೆಲ್ಲ ಎತ್ತರದ ಕಟ್ಟಡಗಳ ಹೊಟ್ಟೆಯೊಳಗೆ ಗ್ರೀಸು ಮೆತ್ತಿಕೊಂಡು ನೇತಾಡುವುದು, ಭಾನುವಾರ ಬಂದರೆ ಡ್ರಮ್ಸ್ ಬಾರಿಸುವುದು. ಲಿಫ್ಟ್ ಬಿಟ್ಟು ಮೂರು ವರ್ಷವಾಯಿತು, ಡ್ರಮ್ಸ್ ಬಿಟ್ಟಿಲ್ಲ. ನಾಲ್ಕು ಜನರ ಅವರ ರಾಕ್ ತಂಡಕ್ಕೆ ಈ ವರ್ಷ ನಲವತ್ತು ತುಂಬಿತು. ಹಾಡುಗಾರ ಡ್ರೈವಿಂಗ್ ಶಾಲೆ ನಡೆಸುತ್ತಾನೆ. ಬೆಳಗಿನಿಂದ ಸಂಜೆವರೆಗೆ ಕಲಿಯುವವರ ಪಕ್ಕ ಕೂತು ಕಿರುಚಿ ಕಿರುಚಿ ಗಂಟಲು ಕೆಡಿಸಿಕೊಂಡಿದ್ದಾನೆ. ಬೇಸ್ ಗಿಟಾರಿನವನು ಅಂಚೆ ಕಚೇರಿಯಲ್ಲಿದ್ದವನು, ಮಾತಿಗೆ ಬದಲು "ಹೂಂ" ಅನ್ನುತ್ತಾನೆ. ಗಿಟಾರ್ ನುಡಿಸುವವನು ಹಲ್ಲಿನ ಸೆಟ್ ತಯಾರಿಸುವ ಕುಶಲಕರ್ಮಿ. ಊರಿನ ಅರ್ಧ ಮುದುಕರು ಅವನ ಕೈಯ ಹಲ್ಲಿನಿಂದಲೇ ನಗುತ್ತಾರೆ. ಅದಕ್ಕೇ ಅವನನ್ನು ಎಲ್ಲರೂ ದಂತಕಥೆ ಎಂದು ಕರೆಯುತ್ತಾರೆ. ನನ್ನ ತಮ್ಮನ ಹೆಸರು ಕತ್ತರಿ. ಕಾರಣ ಹೇಳುತ್ತೇನೆ.

ಇವರ ಅಭ್ಯಾಸ ನನ್ನ ಮನೆಯಲ್ಲಿ, ಕಾರು ಮಾರಿದ ಮೇಲೆ ಖಾಲಿಯಾದ ಶೆಡ್ಡಿನಲ್ಲಿ. ಗೋಡೆಗೆ ಹಳೆಯ ಹಾಸಿಗೆಗಳನ್ನು ಮೊಳೆ ಹೊಡೆದು ನಿಲ್ಲಿಸಿದ್ದಾರೆ. ಶೆಡ್ಡಿನ ಮೇಲಿನ ಕೋಣೆಯಲ್ಲಿ ನಾನು ಓದುತ್ತೇನೆ, ಅಥವಾ ಓದಲು ಯತ್ನಿಸುತ್ತೇನೆ. ಒಂದು ಶಬ್ದವೂ ತಪ್ಪದೆ ಕೇಳಿಸುತ್ತದೆ. ಜಗಳ ಇನ್ನೂ ಚೆನ್ನಾಗಿ ಕೇಳಿಸುತ್ತದೆ.

ಜಗಳವೆಲ್ಲ ಪಟ್ಟಿಯ ಮೇಲೆ. ಹೊರಗಿನವರಿಗೆ ಇದು ಗೊತ್ತಾಗುವುದಿಲ್ಲ. ನಲವತ್ತು ವರ್ಷ ಹಾಡಿದ ತಂಡದ ಹತ್ತಿರ ನೂರು ಹಾಡಿರುತ್ತವೆ. ವೇದಿಕೆಯ ಮೇಲೆ ಹಿಡಿಸುವುದು ಹನ್ನೆರಡು. ಯಾವ ಹನ್ನೆರಡು, ಯಾವುದರ ಹಿಂದೆ ಯಾವುದು ಎಂದು ತೀರ್ಮಾನಿಸುವವನು ನನ್ನ ತಮ್ಮ. ಉಳಿದದ್ದನ್ನೆಲ್ಲ ಕತ್ತರಿಸುವವನೂ ಅವನೇ, ಅದಕ್ಕೇ ಆ ಹೆಸರು. "ಲಿಫ್ಟಲ್ಲಿ ಎಂಟು ಜನ ಅಂತ ಬರೆದಿದ್ರೆ ಒಂಬತ್ತನೆಯವನು ಅಪ್ಪನಾದ್ರೂ ಇಳೀಬೇಕು" ಎನ್ನುತ್ತಾನೆ. ಅವನ ಲೆಕ್ಕದಲ್ಲಿ ಮೊದಲಿನ ಎರಡು ಹಾಡು ಬಾಗಿಲು ತೆರೆಯುವ ಹಾಡು. ಎಲ್ಲರಿಗೂ ಗೊತ್ತಿರಬೇಕು, ನಡುವೆ ಮಾತು ಕೂಡದು. ಮೂರನೆಯದರಲ್ಲಿ ಹಾಡುಗಾರ ಎತ್ತರದ ಸ್ವರ ಹತ್ತಿ ಇಳಿಯಬೇಕು, ಏಕೆಂದರೆ ಆಮೇಲೆ ಅವನಿಂದಾಗುವುದಿಲ್ಲ. ಅವನ ಗಂಟಲಿಗೆಂದು ಶ್ರುತಿಯನ್ನು ಈಗಾಗಲೇ ಎರಡು ಮನೆ ಇಳಿಸಿದ್ದಾರೆ. ಗಿಟಾರಿನ ತಂತಿ ಸಡಿಲಿಸಬೇಕಾದ ಹಾಡುಗಳೆಲ್ಲ ಒಟ್ಟಿಗೆ. ಎಂಟನೆಯದು ಉಸಿರಾಟದ ಹಾಡು, ನಿಧಾನದ್ದು. ಪ್ರೇಮಿಗಳಿಗಾಗಿ ಎಂದು ಹಾಡುಗಾರ ಮೈಕಿನಲ್ಲಿ ಹೇಳುತ್ತಾನೆ, ನಿಜಕ್ಕೂ ಅದು ನನ್ನ ತಮ್ಮನ ಮೊಣಕಾಲಿಗಾಗಿ. ಕೊನೆಯದು "ನಿನ್ನ ಕಿಟಕಿಗೆ ಕಲ್ಲು". ಮೂವತ್ತಮೂರು ವರ್ಷದಿಂದ ಜನ ಅದನ್ನೇ ಕೇಳಲು ಬರುತ್ತಾರೆ. ತಂಡದೊಳಗೆ ಅದಕ್ಕೆ ಸಂಬಳ ಎಂದು ಹೆಸರು. ನಾಲ್ವರಿಗೂ ಅದರ ಮೇಲೆ ವಾಕರಿಕೆ, ಆದರೂ ಒಮ್ಮೆಯೂ ಬಿಟ್ಟಿಲ್ಲ.

ಡ್ರಮ್ಸ್ ಹಿಂದೆ ಕೂತವನಿಗೆ ಸಭಾಂಗಣವಿಡೀ ಕಾಣುತ್ತದೆ. ಯಾವ ಹಾಡಿಗೆ ಎಷ್ಟು ಜನ ಎದ್ದು ಹೊರಗೆ ಹೋದರು ಎಂದು ನನ್ನ ತಮ್ಮ ಎಣಿಸುತ್ತಾನೆ. ಬಾರಿಸುತ್ತಲೇ ಎಣಿಸುತ್ತಾನೆ. ಮನೆಗೆ ಬಂದು ಒಂದು ಪುಸ್ತಕದಲ್ಲಿ ಬರೆದಿಡುತ್ತಾನೆ. ದಂತಕಥೆ ಕಟ್ಟಿದ ಎಂಟು ನಿಮಿಷದ ಹಾಡೊಂದಿದೆ, "ಮುಚ್ಚಿದ ಗಿರಣಿ" ಎಂದು. ನಾಲ್ಕೇ ಸಾಲು ಮಾತು, ಉಳಿದದ್ದೆಲ್ಲ ಗಿಟಾರು. ಹನ್ನೊಂದು ವರ್ಷದ ಹಿಂದೆ ಅದನ್ನು ಕೊನೆಯ ಸಲ ನುಡಿಸಿದಾಗ ನೂರನಲವತ್ತು ಜನ ಎದ್ದರಂತೆ. ಅಂದಿನಿಂದ ಅದು ಪಟ್ಟಿಯಿಂದ ಹೋಯಿತು. ಅಂದಿನಿಂದಲೇ, ದಂತಕಥೆ ಇಲ್ಲದಾಗ, ಉಳಿದ ಮೂವರು ಅದನ್ನು "ಎದ್ದೋಗು" ಎಂದು ಕರೆಯತೊಡಗಿದರು. ಮೇಲಿನ ಕೋಣೆಯಲ್ಲಿ ಈ ಹೆಸರು ನನ್ನ ಕಿವಿಗೆ ಬಿದ್ದಾಗಲೆಲ್ಲ ಪುಸ್ತಕ ಮುಚ್ಚುತ್ತಿದ್ದೆ.

ಈ ವರ್ಷ ಪುರಭವನದಲ್ಲಿ ನಲವತ್ತರ ಕಾರ್ಯಕ್ರಮ ಎಂದು ಗೊತ್ತಾಯಿತು. ಅದಕ್ಕೆ ತಿಂಗಳಿರುವಾಗ ದಂತಕಥೆ ಅಭ್ಯಾಸಕ್ಕೆ ಅರ್ಧ ಗಂಟೆ ಮುಂಚೆ ಬಂದು ನನ್ನ ಅಡುಗೆಮನೆಯಲ್ಲಿ ಕೂತ. ಚಹಾದ ಲೋಟವನ್ನು ಎರಡೂ ಕೈಯಲ್ಲಿ ಹಿಡಿದಿದ್ದ. ಬೆರಳ ಗಂಟುಗಳು ಕಡಲೆಕಾಯಿಯಂತೆ ಊದಿದ್ದವು.

"ಇದೇ ಕೊನೇದು ಅಕ್ಕ. ಡಾಕ್ಟರು ಹಲ್ಲಿನ ಕೆಲಸವನ್ನೂ ಬಿಡು ಅಂದಿದಾರೆ. ಇನ್ನು ಆರು ತಿಂಗಳಿಗೆ ಗುಂಡಿ ಹಾಕ್ಕೊಳ್ಳೋದೂ ಕಷ್ಟ ಅಂತೆ."

"ಅವನಿಗೆ ಹೇಳಿದೀಯಾ?"

"ಕತ್ತರೀಗಾ? ಬೇಡಿ. ಕನಿಕರಕ್ಕೆ ಪಟ್ಟೀಲಿ ಹಾಕಿಸ್ಕೊಳ್ಳೋದು ನಂಗಿಷ್ಟವಿಲ್ಲ. ಗಿರಣಿ ಒಂದ್ಸಲ ನುಡಿಸಿ ಬಿಟ್ಬಿಡ್ಬೇಕು ಅಂತಿತ್ತು, ಅಷ್ಟೆ. ನೀವು ಸುಮ್ನೆ ಕೇಳಿ ನೋಡಿ. ನಿಮ್ಮ ಮಾತಿಗೆ ಹೆದರ್ತಾನೆ."

ಹೆದರುತ್ತಾನಂತೆ. ಆದರೂ ಅಂದೇ ಸಂಜೆ ಎಲ್ಲರೂ ಹೋದ ಮೇಲೆ ಕೆಳಗೆ ಹೋಗಿ ಕೇಳಿದೆ. ತಮ್ಮ ವೈರು ಸುತ್ತುತ್ತಿದ್ದ.

"ಅಕ್ಕ, ನೂರನಲವತ್ತು ಜನ. ಬರೆದಿಟ್ಟಿದೀನಿ."

"ಅವತ್ತು ಅದನ್ನ ಎಷ್ಟನೇ ಹಾಡಾಗಿ ಇಟ್ಟಿದ್ದೆ?"

"ಆರನೇದು."

"ಅದಕ್ಕೂ ಹಿಂದಿನ ಸಲ?"

"ಆರನೇದೇ."

"ಅಂದ್ರೆ ಶುರುವಾಗಿ ಮುಕ್ಕಾಲು ಗಂಟೆಗೆ. ಕಾಲೇಜಲ್ಲಿ ಮೂವತ್ತು ವರ್ಷ ಸಂಖ್ಯಾಶಾಸ್ತ್ರ ಕಲಿಸಿದವಳ ಮುಂದೆ ಈ ಪುಸ್ತಕ ತೋರಿಸ್ತೀಯಲ್ಲ, ನಾಚಿಕೆ ಆಗ್ಬೇಕು. ನೀನು ಅಳೆದಿರೋದು ಹಾಡನ್ನಲ್ಲ ಕಣೋ, ಜನರ ಮೂತ್ರಕೋಶವನ್ನ. ಆ ಜಾಗದಲ್ಲಿ ನಿನ್ನ ಸಂಬಳ ಇಟ್ಟು ನೋಡು, ಅದಕ್ಕೂ ಏಳ್ತಾರೆ."

ಅವನು ಸುತ್ತುವುದನ್ನು ನಿಲ್ಲಿಸಿದ. ತರ್ಕಕ್ಕೆ ಮಾತ್ರ ಅವನು ಬಾಗುವುದು. ಕಣ್ಣೀರಿಗೆ, ಸ್ನೇಹಕ್ಕೆ, ಹಳೆಯ ನೆನಪಿಗೆ ಬಾಗಿದ್ದನ್ನು ನಾನು ಕಂಡಿಲ್ಲ. ವೈರನ್ನು ಪಕ್ಕಕ್ಕಿಟ್ಟು, "ಸರಿ, ಹಾಕ್ತೀನಿ. ಆದ್ರೆ ಆರನೇದೇ. ಬೇರೆ ಕಡೆ ಜಾಗ ಇಲ್ಲ" ಎಂದ.

ಗಿರಣಿಯ ಅಭ್ಯಾಸ ಶುರುವಾಯಿತು. ಇನ್ನೊಂದು ರಗಳೆ. ಆ ಹಾಡಿನ ನಡುವೆ ಗಿಟಾರು ಏಣಿ ಹತ್ತಿದಂತೆ ಮೇಲೇರುವ ಒಂದು ಭಾಗವಿದೆ. ದಂತಕಥೆಯ ಬೆರಳು ಅಲ್ಲಿ ಎಡವುತ್ತಿತ್ತು. ಒಂದು ಸಲ, ಎರಡು ಸಲ, ಐದು ಸಲ. ಮೇಲೆ ಕೂತ ನಾನು ಒಂದೇ ಪುಟವನ್ನು ಮತ್ತೆ ಮತ್ತೆ ಓದುತ್ತಿದ್ದೆ.

"ಲೋ, ಒಂಚೂರು ನಿಧಾನಕ್ಕೆ ತಗೊಳ್ಳೋಣ ಕಣೋ" ಎಂದ ದಂತಕಥೆ.

"ಯಾಕೆ?"

"ಯಾಕೆ ಅಂದ್ರೆ... ಚೆನ್ನಾಗಿರುತ್ತೆ, ಅದಕ್ಕೆ."

"ಚೆನ್ನಾಗಿರಲ್ಲ, ಎಳೆಯುತ್ತೆ. ಹಾಡಿನ ವೇಗ ಹಾಡಿನದ್ದು, ನಿನ್ನ ಬೆರಳಿನದ್ದಲ್ಲ. ಮತ್ತೆ ಮೊದಲಿಂದ."

ಟಕ್ ಟಕ್ ಟಕ್ ಟಕ್. ಪ್ರತಿ ಹಾಡಿಗೂ ಮುಂಚೆ ಅವನು ಕೋಲಿಗೆ ಕೋಲು ತಾಗಿಸಿ ನಾಲ್ಕು ಏಟು ಎಣಿಸುತ್ತಾನೆ. ಆ ನಾಲ್ಕರಲ್ಲೇ ಹಾಡಿನ ವೇಗ ಇರುತ್ತದೆ. ನಲವತ್ತು ವರ್ಷ ಕೇಳಿದ ನನಗೆ ಆ ನಾಲ್ಕು ಏಟಿನಲ್ಲೇ ಯಾವ ಹಾಡೆಂದು ಗೊತ್ತಾಗುತ್ತದೆ. ಅವನ ವೇಗ ಒಂದು ಕೂದಲೆಳೆಯಷ್ಟೂ ಬದಲಾಗುವುದಿಲ್ಲ. ಅದು ಅವನ ಹೆಮ್ಮೆ. ಅಂದು ಒಂಬತ್ತು ಸಲ ಮೊದಲಿನಿಂದ ಬಾರಿಸಿದ. ಇಳಿದು ಹೋಗಿ ಆ ಕೋಲನ್ನು ಕಿತ್ತುಕೊಂಡು ಅವನ ತಲೆಯ ಮೇಲೇ ನಾಲ್ಕು ಏಟು ಎಣಿಸೋಣ ಎನ್ನಿಸಿತ್ತು.

ಕಾರ್ಯಕ್ರಮದ ದಿನ ಐದೂವರೆಗೆ ಪುರಭವನಕ್ಕೆ ಹೋದೆ. ಬಾಗಿಲಲ್ಲಿ ಎಲ್ಲರ ಕೈಗೂ ಒಂದೊಂದು ಅಚ್ಚು ಹಾಕಿಸಿದ ಹಾಳೆ ಕೊಡುತ್ತಿದ್ದರು. ಹನ್ನೆರಡು ಹಾಡಿನ ಹೆಸರು. ಓದುತ್ತಾ ಬಂದೆ. ಆರನೆಯ ಸಾಲಿನಲ್ಲಿ ದಪ್ಪ ಅಕ್ಷರದಲ್ಲಿ: ಎದ್ದೋಗು.

ಭವನದ ಕಚೇರಿಯವರು ಪಟ್ಟಿ ಕೇಳಿದ್ದರು. ನನ್ನ ತಮ್ಮ ತನ್ನ ಪುಸ್ತಕದ ಹಾಳೆಯ ಫೋಟೋ ತೆಗೆದು ಕಳಿಸಿದ್ದ. ಅದರಲ್ಲಿ ಇದ್ದದ್ದೆಲ್ಲ ಅಡ್ಡಹೆಸರುಗಳೇ. ಉಳಿದ ಹನ್ನೊಂದನ್ನು ಕಚೇರಿಯವರು ಹಿಂದಿನ ಕಾರ್ಯಕ್ರಮದ ಹಾಳೆಗೆ ತಾಳೆ ನೋಡಿ ತಿದ್ದಿಕೊಂಡರು. ಇದೊಂದು ಅದರಲ್ಲಿರಲಿಲ್ಲ, ಇದ್ದ ಹಾಗೇ ಅಚ್ಚಾಯಿತು.

"ಎದ್ದೋಗು ಅನ್ನೋದು ಯಾವ್ದು? ಹೊಸದಿರ್ಬೇಕು" ಎಂದಳು ನನ್ನ ಮುಂದಿದ್ದ ಹೆಂಗಸು.

"ಹೆಸರಲ್ಲೇ ಹೇಳಿದಾರಲ್ಲ, ಏನು ಮಾಡ್ಬೇಕು ಅಂತ" ಎಂದ ಅವಳ ಗಂಡ.

ವೇದಿಕೆಯ ಹಿಂದಿನ ಕೋಣೆಗೆ ಹೋದೆ. ತಡವಾಗಿತ್ತು. ಒಡೆದ ಕನ್ನಡಿಯ ಮುಂದೆ ಕುರ್ಚಿಯಲ್ಲಿ ಕೂತ ದಂತಕಥೆಯ ತೊಡೆಯ ಮೇಲೆ ಆ ಹಾಳೆ ಇತ್ತು.

"ಇದು ಯಾವ ಹಾಡೋ ಕತ್ತರಿ? ನಂಗೆ ಗೊತ್ತಿಲ್ದೆ ಯಾವಾಗ ಕಟ್ಟಿದ್ರಿ?"

"ಪ್ರೆಸ್ಸಿನವರ ತಪ್ಪು ಕಣೋ" ಎಂದು ಹಾಡುಗಾರ ನಗಲು ನೋಡಿದ. "ಏನೇನೋ ಹೊಡೀತಾರೆ ಅವ್ರು."

"ಪ್ರೆಸ್ಸಿನವರ ತಪ್ಪಲ್ಲ" ಎಂದ ನನ್ನ ತಮ್ಮ. "ನಾನೇ ಕಳ್ಸಿದ್ದು. ಗಿರಣಿಗೆ ನಾವು ಹಾಗನ್ನೋದು."

"ನಾವು ಅಂದ್ರೆ?"

"ನಾನು. ಇವನು. ಅವನು."

ಬೇಸ್ ಗಿಟಾರಿನವನು ತನ್ನ ಬೂಟು ನೋಡಿಕೊಂಡ.

"ಎಷ್ಟು ವರ್ಷದಿಂದ?"

"ಹನ್ನೊಂದು."

ಒಂದು ಸುಳ್ಳು. ಒಂದೇ ಒಂದು ಸಣ್ಣ ಸುಳ್ಳು ಹೇಳಿದ್ದರೆ ಆ ಸಂಜೆ ಉಳಿಯುತ್ತಿತ್ತು. ಹಾಡುಗಾರ ಅದನ್ನು ತಟ್ಟೆಯಲ್ಲಿಟ್ಟು ಕೊಟ್ಟಿದ್ದ, ಇವನು ಕಾಲಿನಿಂದ ಒದ್ದ.

ದಂತಕಥೆ ಹಾಳೆಯನ್ನು ನಾಲ್ಕಾಗಿ ಮಡಿಸಿದ. ಮಡಿಸಲು ಬಹಳ ಹೊತ್ತು ಬೇಕಾಯಿತು. "ತೆಗೆದ್ಹಾಕು ಅದನ್ನ. ನಾನು ನುಡಿಸಲ್ಲ" ಎಂದ.

"ಸರಿ" ಎಂದ ನನ್ನ ತಮ್ಮ. ಜೇಬಿನಿಂದ ಪೆನ್ನು ತೆಗೆದು, ನಾಲ್ವರ ಕಾಲ ಬಳಿ ಅಂಟಿಸಲು ಬರೆದಿಟ್ಟಿದ್ದ ನಾಲ್ಕು ರಟ್ಟಿನ ಮೇಲೂ ಆರನೆಯ ಸಾಲಿಗೆ ಗೀಟು ಎಳೆದ. ಕ್ಷಮಿಸು ಎನ್ನಲಿಲ್ಲ. ಮುಖ ಕೂಡ ನೋಡಲಿಲ್ಲ.

"ನಿನ್ನಂಥವನ ಜೊತೆ ನಲವತ್ತು ವರ್ಷ ಅದು ಹೇಗಿದ್ರೋ ಇವರು" ಎಂದೆ. ಅಷ್ಟು ಜನರೆದುರು ಅವನಿಗೆ ಹಾಗೆ ಹೇಳಿದ್ದು ಅದೇ ಮೊದಲು.

"ನಂಗೂ ಗೊತ್ತಿಲ್ಲ ಅಕ್ಕ" ಎಂದು ರಟ್ಟುಗಳನ್ನೆತ್ತಿಕೊಂಡು ಹೊರಗೆ ಹೋದ.

ಮನೆಗೆ ಹೋಗಿಬಿಡಬೇಕೆಂದುಕೊಂಡೆ. ದಂತಕಥೆಯ ಕೊನೆಯ ಕಾರ್ಯಕ್ರಮವೆಂದು ಗೊತ್ತಿದ್ದವಳು ನಾನೊಬ್ಬಳೇ, ಆದ್ದರಿಂದ ಮೂರನೆಯ ಸಾಲಿನಲ್ಲಿ ಕೂತೆ. ಬಾಗಿಲು ತೆರೆಯುವ ಹಾಡುಗಳು ಬಾಗಿಲು ತೆರೆದವು. ಮೂರನೆಯದರಲ್ಲಿ ಹಾಡುಗಾರ ಹತ್ತಿ ಇಳಿದ. ದಂತಕಥೆ ತಪ್ಪಿಲ್ಲದೆ ನುಡಿಸುತ್ತಿದ್ದ, ಆದರೆ ಒಮ್ಮೆಯೂ ಹಿಂದೆ ತಿರುಗಲಿಲ್ಲ. ಡ್ರಮ್ಸಿಗೆ ಬೆನ್ನು ಕೊಟ್ಟು, ಬೇರೆ ಯಾರದೋ ತಂಡದಲ್ಲಿ ಬಾಡಿಗೆಗೆ ಬಂದವನಂತೆ ನಿಂತಿದ್ದ.

ಐದನೆಯದು ಮುಗಿಯಿತು, ಚಪ್ಪಾಳೆ ಇಳಿಯಿತು. ಈಗ ಏಳನೆಯದು ಬರಬೇಕು. ಅದು ಹಾಡುಗಾರನ ಒಂಟಿ ದನಿಯಿಂದಲೇ ಶುರುವಾಗುತ್ತದೆ. ಏಟು ಎಣಿಸುವ ಕೆಲಸವಿಲ್ಲ. ಅವನು ಮೈಕಿನ ಹತ್ತಿರ ಬಾಯಿ ತಂದಿದ್ದ.

ಟಕ್ ಟಕ್ ಟಕ್ ಟಕ್.

ಗಿರಣಿಯ ನಾಲ್ಕು ಏಟು. ಹಾಡುಗಾರ ಮೈಕನ್ನು ಕೈಯಿಂದ ಮುಚ್ಚಿ ತಿರುಗಿ ಏನೋ ಅಂದ. ಏಳನೇದು ಕಣೋ ಎಂದಿರಬೇಕು. ನನ್ನ ತಮ್ಮ ಅವನತ್ತ ನೋಡಲಿಲ್ಲ. ದಂತಕಥೆ ಅಲುಗಲಿಲ್ಲ. ಎರಡೂ ಕೈಗಳನ್ನು ಗಿಟಾರಿನ ಮೇಲೆ ಕಟ್ಟಿ ನಿಂತಿದ್ದ.

ಸಭಾಂಗಣದಲ್ಲಿ ಕುರ್ಚಿಗಳು ಸದ್ದು ಮಾಡತೊಡಗಿದವು. ಮುಕ್ಕಾಲು ಗಂಟೆಯಾಗಿತ್ತು. ಬಾಗಿಲಲ್ಲಿ ಕಂಡ ಆ ಹೆಂಗಸು ಚೀಲ ಹೆಗಲಿಗೇರಿಸಿ, "ಇದೇ ಇರ್ಬೇಕು, ಎದ್ದೋಗು" ಎಂದು ಗಂಡನಿಗೆ ಹೇಳಿ ನಕ್ಕು ಎದ್ದಳು. ಅವಳ ಹಿಂದೆ ಇಡೀ ಸಾಲೇ ಎದ್ದಿತು.

ನನ್ನ ತಮ್ಮ ಎಣಿಸುತ್ತಿರಲಿಲ್ಲ. ಜನರ ಕಡೆಗೆ ಅವನ ಕಣ್ಣೇ ಇರಲಿಲ್ಲ. ಕೋಲನ್ನು ಮತ್ತೆ ಎತ್ತಿದ.

ಟಕ್. ಟಕ್. ಟಕ್. ಟಕ್.

ನಿಧಾನವಾಗಿತ್ತು. ನಾನು ತಪ್ಪು ಕೇಳಿದೆನೇನೋ ಎಂದುಕೊಂಡೆ. ನಲವತ್ತು ವರ್ಷದಲ್ಲಿ ಆ ಮನುಷ್ಯ ಒಂದು ಹಾಡನ್ನು ಎರಡು ವೇಗದಲ್ಲಿ ಎಣಿಸಿದ್ದಿಲ್ಲ. ದಂತಕಥೆ ತಲೆಯನ್ನು ಸ್ವಲ್ಪ ಎತ್ತಿದ. ಅವನೂ ಕೇಳಿಸಿಕೊಂಡಿದ್ದ. ಆದರೆ ತಿರುಗಲಿಲ್ಲ.

ಮೂರನೆಯ ಸಲದ್ದು ಇನ್ನೂ ನಿಧಾನ. ಒಂದು ಏಟಿಗೂ ಮತ್ತೊಂದಕ್ಕೂ ನಡುವೆ ಬಾಗಿಲು ತೆರೆದು ಮುಚ್ಚುವಷ್ಟು ಜಾಗ. ತಂಡವೊಂದು ಎಂಟುನೂರು ಜನರೆದುರು ಶುರುಮಾಡಲಾಗದೆ ನಿಂತರೆ ಹೇಗಿರುತ್ತದೋ ಹಾಗೆ ಕಾಣುತ್ತಿತ್ತು. ಹಿಂದಿನಿಂದ ಯಾರೋ ಸಿಳ್ಳೆ ಹಾಕಿದರು, "ಕಿಟಕಿಗೆ ಕಲ್ಲು, ಕಿಟಕಿಗೆ ಕಲ್ಲು" ಎಂದು ಕೂಗಿದರು. ಬೇಸ್ ಗಿಟಾರಿನವನು ಕಣ್ಣು ಮುಚ್ಚಿಕೊಂಡ.

ದಂತಕಥೆ ತಿರುಗಿದ. ನನ್ನ ತಮ್ಮ ಆಗಲೂ ಅವನ ಮುಖ ನೋಡಲಿಲ್ಲ, ಬೆರಳುಗಳನ್ನು ನೋಡುತ್ತಿದ್ದ. ಊದಿದ ಆ ಬೆರಳುಗಳು ಒಂದೊಂದಾಗಿ ಬಿಡಿಸಿಕೊಂಡು ತಂತಿಯ ಮೇಲೆ ಕೂರುವವರೆಗೂ ಕೋಲುಗಳನ್ನು ಗಾಳಿಯಲ್ಲೇ ಹಿಡಿದಿದ್ದ. ಕೊನೆಯ ಬೆರಳು ಕೂತ ಮೇಲೆ, ನಾಲ್ಕನೆಯ ಸಲ, ಮೊದಲನೆಯ ಏಟು ಹಾಕಿದ.